ಹದಿನೇಳು ಇಂಚಿನ ಕಾಲರ್

ಆ ಮಳೆಗಾಲದಲ್ಲಿ ಏನೇನು ಕೆಡಬಹುದಿತ್ತು ಅನ್ನುವುದಕ್ಕೆ ನನ್ನ ಹತ್ತಿರ ಬರವಣಿಗೆಯ ದಾಖಲೆಯೇ ಇದೆ. ನನ್ನ ದನಿ ಪೂರ್ತಿ ಹೋಗಬಹುದಿತ್ತು. ಕುತ್ತಿಗೆ ಕೊಯ್ಯಬೇಕಾಗಬಹುದಿತ್ತು. ಕೊಯ್ಯುವಾಗ ಡಾಕ್ಟರ ಕೈ ನಡುಗಬಹುದಿತ್ತು; ಕೈ ನಡುಗದಿದ್ದರೂ ಕರೆಂಟು ಹೋಗಬಹುದಿತ್ತು. ಗಣಿಯ ವೈದ್ಯಕೀಯ ತಪಾಸಣೆಯಲ್ಲಿ ನನ್ನ ಹೆಸರಿನ ಮುಂದೆ ‘ಅನ್‌ಫಿಟ್’ ಎಂದು ಬರೆದು, ಇಪ್ಪತ್ತೊಂದು ವರ್ಷದಿಂದ ಕೂತ ಕುರ್ಚಿಯಿಂದ ಎಬ್ಬಿಸಬಹುದಿತ್ತು. ಕುತ್ತಿಗೆಯೊಳಗಿನ ಗಂಟು ಕೆಟ್ಟದ್ದೇ ಆಗಿದ್ದರೆ ದೀಪಾವಳಿಯ ಹೊತ್ತಿಗೆ ನಾನು ಗೋಡೆಯ ಮೇಲಿನ ಫೋಟೊ ಆಗಬಹುದಿತ್ತು. ಆದರೆ ನಾನೊಬ್ಬನೇ ಇರುವ ಫೋಟೊ ಅಂತ ಮನೆಯಲ್ಲಿರುವುದು ಗೇಟ್ ಪಾಸಿನದೊಂದೇ, ಅದರಲ್ಲಿ ನಾನು ಹೆಲ್ಮೆಟ್ ಹಾಕಿಕೊಂಡಿದ್ದೇನೆ. ಹೆಲ್ಮೆಟ್ಟಿನ ಮೇಲೆ ಹಾರ ಹಾಕಿದರೆ ಬಂದ ನೆಂಟರು ನಗಬಹುದಿತ್ತು. ನಾನಿಲ್ಲದ ಮೇಲೆ ಗ್ಯಾಸ್ ಸಿಲಿಂಡರ್ ಹೇಗೆ ಬುಕ್ ಮಾಡುವುದೆಂದು ನನ್ನ ಹೆಂಡತಿ ನಾಗವೇಣಿಗೆ ಗೊತ್ತಾಗದೆ ಅಡುಗೆ ನಿಲ್ಲಬಹುದಿತ್ತು. ಇಂಥ ಹತ್ತೊಂಬತ್ತು ಕೇಡುಗಳನ್ನು ಒಂದು ತೂಕದ ಚೀಟಿಯ ಹಿಂಭಾಗದಲ್ಲಿ ನಂಬರು ಹಾಕಿ ಬರೆದಿದ್ದೆ. ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ.

ಅದು ನೆನಪಾದದ್ದು ಮೊನ್ನೆ, ಗಣಿಯ ಸ್ಟೋರಿನಲ್ಲಿ ಈ ವರ್ಷದ ಯೂನಿಫಾರ್ಮ್ ಬಟ್ಟೆ ಹಂಚುವಾಗ. ಥಾನಿನಿಂದ ಆಗಷ್ಟೇ ಹರಿದ ಬಟ್ಟೆಗೆ ಒಂದು ವಾಸನೆಯಿರುತ್ತದೆ. ಗಂಜಿಯದ್ದು, ಸ್ವಲ್ಪ ಸೀಮೆಎಣ್ಣೆಯದ್ದು, ನಡುವೆ ನುಸಿಗುಳಿಗೆಯದ್ದು. ಮಡಿಕೆಯನ್ನು ಮೂಗಿಗೆ ಹಿಡಿದೆನೋ ಇಲ್ಲವೋ, ನನ್ನ ಎಡಗೈ ತಾನಾಗಿ ಕುತ್ತಿಗೆಗೆ ಹೋಯಿತು. ಮೂರು ವರ್ಷವಾದರೂ ಕೈಗೆ ಆ ಅಭ್ಯಾಸ ತಪ್ಪಿಲ್ಲ.

ನಾನು ಪಂಪಾಪತಿ. ಇರುವುದು ಹೊಸಪೇಟೆಯಲ್ಲಿ, ಕೆಲಸ ಸಂಡೂರಿನಾಚೆ, ಯಶವಂತನಗರದ ಹತ್ತಿರದ ಒಂದು ಅದಿರಿನ ಗಣಿಯಲ್ಲಿ. ಲಾರಿ ತೂಗುವ ವೇಬ್ರಿಜ್ಜಿಗೆ ನಮ್ಮಲ್ಲಿ ಕಾಟಾ ಅನ್ನುತ್ತಾರೆ. ಖಾಲಿ ಲಾರಿ ಬಂದು ನಿಲ್ಲುತ್ತದೆ, ತೂಗಿ ಬರೆಯುತ್ತೇನೆ. ಅದೇ ಲಾರಿ ಅದಿರು ತುಂಬಿಕೊಂಡು ಬರುತ್ತದೆ, ಮತ್ತೆ ತೂಗಿ ಚೀಟಿ ಕೊಡುತ್ತೇನೆ. ಇಷ್ಟೇ ಕೆಲಸ. ಆದರೆ ಚಿಂತೆ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಎರಡು ಲಾರಿಗಳ ನಡುವೆ ಎಷ್ಟು ಬೇಕಾದರೂ ಬಿಡುವು.

ಆ ವರ್ಷ ಜೂನಿನಲ್ಲಿ ನನಗೆ ಚಳಿ ಶುರುವಾಯಿತು. ಹೊಸಪೇಟೆಯಲ್ಲಿ ಚಳಿಯಾಗುತ್ತದೆ ಎಂದರೆ ಡಾಕ್ಟರಿಗಿಂತ ಮೊದಲು ಜನ ನಗುತ್ತಾರೆ. ಎಲ್ಲರೂ ಫ್ಯಾನಿನ ಕೆಳಗಿನ ಜಾಗಕ್ಕೆ ಜಗಳವಾಡುವಾಗ ನಾನು ಸ್ವೆಟರ್ ಹುಡುಕುತ್ತಿದ್ದೆ. ಕಂಪನಿ ಬಸ್ಸಿನಲ್ಲಿ ಕಿಟಕಿ ಮುಚ್ಚಿ ಅಂದದ್ದಕ್ಕೆ ಹಿಂದಿನ ಸೀಟಿನವರು, ‘ಪಂಪಣ್ಣಗ ಊಟಿಗೆ ಟ್ರಾನ್ಸ್‌ಫರ್ ಆಗೈತ್ರಲೇ’ ಅಂದರು. ಸಂಡೂರಿನ ಗುಡ್ಡಗಳು ಹಸಿರಾಗಿ, ಇಳಿಜಾರಿನಲ್ಲಿ ಕೆಂಪು ನೀರು ಹರಿಯುವ ಆ ದಾರಿಯನ್ನು ಪ್ರತಿ ಮಳೆಗಾಲದಲ್ಲೂ ಕಣ್ಣುತುಂಬ ನೋಡುತ್ತಿದ್ದವನು, ಆ ವರ್ಷ ಬಸ್ಸು ಹತ್ತಿದೊಡನೆ ನಿದ್ದೆ ಹೋಗುತ್ತಿದ್ದೆ. ದನಿ ಒಡೆಯಿತು. ಲಾರಿ ಡ್ರೈವರುಗಳಿಗೆ ‘ಇಳಿದು ನಿಲ್ಲು’ ಎಂದು ಕೂಗಿದರೆ ಒಳಗಿನಿಂದ ಯಾರೋ ಮರದ ಪೆಟ್ಟಿಗೆ ಎಳೆದಂತೆ ಕೇಳುತ್ತಿತ್ತು. ಒಂದು ಲಾರಿಯ ನಂಬರನ್ನು ಇನ್ನೊಂದರ ಚೀಟಿಗೆ ಬರೆದೆ. ಇಪ್ಪತ್ತೊಂದು ವರ್ಷದಲ್ಲಿ ಅದು ಮೊದಲನೆಯದು.

ಮನೆಯಲ್ಲಿ ಹೇಳಿದೆನೇ? ಚಳಿ ಅಂತ ಹೇಳಿದೆ. ನಾಗವೇಣಿ ತಲೆ ಎತ್ತಲಿಲ್ಲ. ಅವಳದೂ ತಪ್ಪಲ್ಲ. ಮದುವೆಯಾದ ಇಪ್ಪತ್ತು ವರ್ಷದಲ್ಲಿ ನನಗೆ ನಾಲ್ಕು ಸಲ ಹಾರ್ಟ್ ಅಟ್ಯಾಕ್ ಆಗಿದೆ. ನಾಲ್ಕೂ ಸಲ ಮಂಡಕ್ಕಿ ಒಗ್ಗರಣೆಯ ಜೊತೆ ಮಿರ್ಚಿ ಹೆಚ್ಚು ತಿಂದಿದ್ದೆ. ಎರಡು ಸಲ ಕಿಡ್ನಿ ಹೋಗಿ ವಾಪಸ್ ಬಂದಿದೆ. ‘ಸ್ವೆಟರ್ ಹಾಕ್ಕೊಳ್ರಿ’ ಅಂದಳು, ಅಷ್ಟೆ.

ಜುಲೈನಲ್ಲಿ ಕಾಟಾ ಕೆಟ್ಟಿತು. ಕೆಟ್ಟಿತು ಅಂತ ನಾನು ತಿಳಿದೆ. ಬೆಳಗಿನ ಪಾಳಿಗೆ ಬಂದ ಕೂಡಲೇ ಯಂತ್ರಕ್ಕೆ ಜೀವವಿದೆಯೋ ಇಲ್ಲವೋ ಎಂದು ನೋಡಲು ನಾನೇ ಅದರ ಮೇಲೆ ಹೋಗಿ ನಿಲ್ಲುವುದು ರೂಢಿ. ಲಾರಿ ತೂಗುವ ಯಂತ್ರ ಅದು. ಹತ್ತು ಕಿಲೋಕ್ಕಿಂತ ಕಡಿಮೆಯದನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. ಅರವತ್ತೈದರಿಂದ ಎಪ್ಪತ್ತೈದರ ತನಕ ಏನು ನಿಂತರೂ ಅದಕ್ಕೆ ಎಪ್ಪತ್ತು. ಹಾಗಾಗಿ ವರ್ಷಾನುಗಟ್ಟಲೆ ಅದು ನನಗೆ ಎಪ್ಪತ್ತು ತೋರಿಸಿತ್ತು. ನಾನೂ ಅದೂ ಒಬ್ಬರನ್ನೊಬ್ಬರು ನಂಬಿಕೊಂಡಿದ್ದೆವು. ಒಂದು ಬೆಳಿಗ್ಗೆ ಎಂಬತ್ತು ಎಂದಿತು. ಇಳಿದು ಹತ್ತಿದೆ. ಎಂಬತ್ತು. ಬೂಟು ಬಿಚ್ಚಿ ಹತ್ತಿದೆ. ಎಂಬತ್ತು.

ನನಗೆ ಸಂಶಯವೇ ಬರಲಿಲ್ಲ. ಯಂತ್ರ ಹತ್ತು ಕಿಲೋ ಹೆಚ್ಚು ತೋರಿಸುತ್ತಿದೆ ಎಂದು ಕಾಗದ ಬರೆದು, ಲಾರಿಗಳನ್ನು ನಿಲ್ಲಿಸಿ, ಹೊಸಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಬರುವಷ್ಟರಲ್ಲಿ ಸುರಿಯುವ ಮಳೆಯಲ್ಲಿ ಲಾರಿಗಳು ಗುಡ್ಡದ ತಿರುವಿನ ತನಕ ಸಾಲು ನಿಂತಿದ್ದವು. ಡ್ರೈವರುಗಳು ಹಾರ್ನು ಹೊಡೆದು ಹೊಡೆದು ನನ್ನ ವಂಶದ ಹಿರಿಯರನ್ನೆಲ್ಲ ನೆನೆಯುತ್ತಿದ್ದರು. ಮೆಕ್ಯಾನಿಕ್ಕು ತಾನು ತಂದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ಒಂದೊಂದಾಗಿ ಇಟ್ಟ. ಇಪ್ಪತ್ತು, ನಲವತ್ತು, ಅರವತ್ತು, ಎಂಬತ್ತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

‘ಈಗ ನೀವು ಹತ್ರಿ’ ಅಂದ.

ಹತ್ತಿದೆ. ಎಂಬತ್ತು.

‘ಇಳೀರಿ.’

ಸೊನ್ನೆ.

ಅವನು ಕೈ ಒರೆಸಿಕೊಂಡು ಹೇಳಿದ: ‘ಕಾಟಾ ಸರಿ ಐತ್ರಿ ಸಾಹೇಬ್ರ. ಇದಕ್ಕ ಸರ್ಟಿಫಿಕೇಟ್ ನಾ ಕೊಡ್ತೀನಿ. ನಿಮಗ ಬ್ಯಾರೆಯೋರ ಕೊಡ್ಬೇಕು.’

ನನ್ನ ಜೊತೆಯ ಪಾಳಿಯ ಹೊನ್ನೂರಸ್ವಾಮಿ, ನನಗಿಂತ ಹತ್ತು ವರ್ಷ ಚಿಕ್ಕವನು, ಬಾಯಲ್ಲಿ ಮಾತು ನಿಲ್ಲದವನು, ಅವತ್ತಿನಿಂದ ಒಂದೇ ಹಾಡು ಹಿಡಿದ: ‘ಮಳಿಗಾಲ ಅಲ್ಲೇನ್ರೀ ಪಂಪಣ್ಣ. ಅದಿರು ತೊಯ್ದ್ರ ತೂಕ ಜಾಸ್ತಿ ಬರ್ತೈತಿ. ನೀವೂ ತೊಯ್ದೀರಿ. ಬಿಸಿಲಿಗೆ ಹರವಿದ್ರ ಸರಿ ಆಕೀರಿ.’

ಮೂರು ವಾರದ ಮೇಲೆ ಯೂನಿಫಾರ್ಮ್ ಬಟ್ಟೆ ಬಂತು. ನಮ್ಮ ಗಣಿಯ ಅರ್ಧಕ್ಕರ್ಧ ಜನಕ್ಕೆ ಅಂಗಿ ಹೊಲಿಯುವವರು ಯಶವಂತನಗರದ ವಿಠೋಬಣ್ಣ. ಅವರ ಅಂಗಡಿಯಲ್ಲಿ ಒಂದು ಉದ್ದನೆಯ ಅಳತೆ ಪುಸ್ತಕವಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಪ್ರತಿ ವರ್ಷದ ಅಳತೆ ಹಿಂದಿನ ವರ್ಷದ್ದರ ಕೆಳಗೆ. ವಿಠೋಬಣ್ಣ ಟೇಪು ಹಿಡಿದು ಕೂಗುತ್ತಾರೆ, ಅವರ ಹೆಂಡತಿ ಸಾವಿತ್ರಕ್ಕ ಕಾಜಾ ಹಾಕುತ್ತ ಕೂತಲ್ಲಿಂದಲೇ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಾರೆ. ಯಾರಿಗೆ ಯಾವ ವರ್ಷ ಹೊಟ್ಟೆ ಬಂತು, ಯಾರ ಭುಜ ಯಾವಾಗ ಇಳಿಯಿತು, ಎಲ್ಲ ಅದರಲ್ಲಿದೆ.

‘ಎದಿ ಮೂವತ್ತೊಂಬತ್ತು. ತೋಳು ಇಪ್ಪತ್ನಾಲ್ಕು. ಕಾಲರ್...’ ಎಂದು ವಿಠೋಬಣ್ಣ ನಿಂತರು. ‘ಸಾವಿತ್ರಿ, ಹೋದ ವರ್ಷದ್ದು ಏನೈತಿ?’

‘ಹದಿನೈದು.’

‘ಅದರ ಹಿಂದಿಂದು?’

‘ಹದಿನೈದು. ಅದರ ಹಿಂದ ಹದಿನೈದು. ಅದರ ಹಿಂದನೂ ಅಷ್ಟ. ಎಲ್ಲಾ ಹದಿನೈದ ಐತಿ, ಟೇಪ್ ನೆಟ್ಟಗ ಹಿಡೀರಿ.’

‘ಟೇಪ್ ಸರಿ ಐತಿ. ಹದಿನಾರು ಬರಾಕತೈತಿ.’ ಆಮೇಲೆ ನನ್ನ ಮುಖ ನೋಡಿದರು. ‘ಪಂಪಣ್ಣ, ನಲವತ್ತು ದಾಟಿದ ಮ್ಯಾಲ ಎಲ್ಲಾರದೂ ಹೊಟ್ಟಿ ಬೆಳೀತೈತಿ. ಕುತ್ತಿಗಿ ಹಿಂಗ ಬೆಳೆಯಂಗಿಲ್ಲ.’

ಅಳೆಯುವ ಸಾಧನ ಸರಿಯಿದೆ ಎಂದು ನನಗೆ ಹೇಳಿದ್ದು ಒಂದು ತಿಂಗಳಲ್ಲಿ ಇದು ಎರಡನೆಯ ಸಲ.

ಸಾವಿತ್ರಕ್ಕ ಸೂಜಿಯನ್ನು ಸೀರೆಯ ಸೆರಗಿಗೆ ಚುಚ್ಚಿಕೊಂಡು ಎದ್ದರು. ಒಂದು ಚೊಂಬು ನೀರು ತಂದು ಕೈಗೆ ಕೊಟ್ಟು, ‘ಗದ್ದ ಎತ್ತಿ ಕುಡೀರಿ ಅಣ್ಣಾರ’ ಅಂದರು. ಕುಡಿದೆ. ಅವರ ಕಣ್ಣು ನನ್ನ ಗಂಟಲ ಮೇಲಿತ್ತು.

‘ಇನ್ನೊಂದು ಗುಟುಕು. ಹಾಂ... ನೋಡ್ರಿ ಇವರ, ಬಾವು ಮ್ಯಾಲ ಕೆಳಗ ಆಡಾಕತೈತಿ’ ಎಂದು ಗಂಡನಿಗೆ ತೋರಿಸಿ, ನಂತರ ನನಗೆ: ‘ಚಳಿ ಆಗ್ತೈತೇನ್ರಿ?’

‘ಆಗ್ತೈತಿ.’

‘ನಿದ್ದಿ ಭಾಳ?’

‘ಭಾಳ.’

‘ಹೊಟ್ಟಿ ಸಾಫ್ ಆಗ್ತೈತೇನ್ರಿ?’

ಅಂಗಡಿಯಲ್ಲಿ ಅಳತೆಗೆ ಎಂಟು ಜನ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಹೊನ್ನೂರಸ್ವಾಮಿ, ‘ಇಲ್ರೀ ಅಕ್ಕಾ, ಡ್ಯೂಟಿ ಟೈಮಿನ್ಯಾಗ ಅರ್ಧ ತಾಸು ಹೋಗಿ ಕುಂತಿರ್ತಾರ’ ಎಂದ.

ಸಾವಿತ್ರಕ್ಕ ನಗಲಿಲ್ಲ. ತಮ್ಮ ಕೊರಳನ್ನು ಮುಟ್ಟಿಕೊಂಡು, ‘ಇದು ಥೈರಾಯ್ಡ್. ನನಗೂ ಹಿಂಗ ಬಂದಿತ್ತು. ಹನ್ನೆರಡು ವರ್ಷಾತು ಗುಳಿಗಿ ತಗೋತೀನಿ. ಸತ್ತೇನೇನು? ಇನ್ನಾ ನಿಮ್ಮ ಅಂಗಿಗೆ ಕಾಜಾ ಹಾಕಾಕತ್ತೀನಿ. ಹೋಗಿ ತೋರಸ್ರಿ’ ಎಂದರು.

ಬೇರೆ ಯಾರಾದರೂ ಆಗಿದ್ದರೆ ಇದರಿಂದ ಧೈರ್ಯ ಬರುತ್ತಿತ್ತು. ನನ್ನ ತಲೆ ಓಡುವ ರೀತಿ ಬೇರೆ. ಥೈರಾಯ್ಡ್ ಹೆಂಗಸರಿಗೆ ಬರುವುದು, ನಾನು ಗಂಡಸು, ಅಂದಮೇಲೆ ನನ್ನದು ಥೈರಾಯ್ಡ್ ಅಲ್ಲ, ಅಂದಮೇಲೆ ಅದು ಹೆಸರು ಹೇಳಬಾರದ ಆ ಇನ್ನೊಂದೇ. ಸಂಡೂರು ದಾಟುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ನನ್ನ ತಿಥಿಯ ಅಡುಗೆ ಮುಗಿದಿತ್ತು.

ಹೊಸಪೇಟೆಯ ಡಾಕ್ಟರಮ್ಮ ಕಡಿಮೆ ಮಾತಿನವರು. ಹಿಂದಿನಿಂದ ಎರಡೂ ಕೈ ಹಾಕಿ ಕುತ್ತಿಗೆ ಒತ್ತಿ ನೋಡಿದರು, ರಕ್ತ ತೆಗೆಸಿದರು, ಸ್ಕ್ಯಾನಿಂಗ್ ಮಾಡಿಸಿದರು. ‘ಗ್ರಂಥಿ ಊದಿದೆ. ಒಳಗೆ ಒಂದು ಸಣ್ಣ ಗಂಟು ಕಾಣ್ತದೆ. ಇಂಥವು ಹೆಚ್ಚಿನಂಶ ಏನೂ ಆಗಿರೋದಿಲ್ಲ. ಆದರೂ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿಬಿಡೋಣ’ ಅಂದರು. ಅವರು ಹೇಳಿದ ಅಷ್ಟೂ ಮಾತಿನಲ್ಲಿ ನಾನು ಮನೆಗೆ ಹೊತ್ತುಕೊಂಡು ಬಂದದ್ದು ‘ಆದರೂ’ ಒಂದನ್ನೇ. ಶುಕ್ರವಾರ ಸೂಜಿ ಹಾಕಿದರು. ಇರುವೆ ಕಚ್ಚಿದಷ್ಟು ನೋವು. ಫಲಿತಾಂಶಕ್ಕೆ ಐದು ದಿನ.

ಆ ಐದು ದಿನ ಯಾರಿಗೂ ಏನೂ ಹೇಳಬಾರದು ಎಂದುಕೊಂಡೆ. ಸೂಜಿ ಹಾಕಿದ ಕಡೆ ಪುಟ್ಟ ಪ್ಲಾಸ್ಟರ್ ಅಂಟಿಸಿದ್ದರು. ಅದರ ಮೇಲೆ ಮಫ್ಲರ್ ಸುತ್ತಿಕೊಂಡೆ. ಕಾಟಾದಲ್ಲಿ ಕೂತು, ಎರಡು ಲಾರಿಗಳ ನಡುವೆ, ಆ ಹತ್ತೊಂಬತ್ತರ ಪಟ್ಟಿ ಬರೆದೆ.

ಶನಿವಾರ ಮಧ್ಯಾಹ್ನ ಪಟ್ಟಿ ಹದಿನೇಳಕ್ಕೆ ಬಂದಿದ್ದಾಗ ವಿಠೋಬಣ್ಣನ ಫೋನು.

‘ಪಂಪಣ್ಣ, ನಿಮ್ಮ ಬಟ್ಟಿ ಕತ್ತರಿಸಾಕತ್ತೀನಿ. ಕಾಲರ್ ಹದಿನಾರು ಇಡ್ಲೇನು?’

‘ಹದಿನೇಳು ಇಡ್ರಿ.’

‘ಹದಿನೇಳು ಪೈಲ್ವಾನರಿಗೆ ಇಡ್ತಾರ್ರಿ.’

‘ಇರ್ಲಿ. ಅದು ಇನ್ನಾ ಬೆಳೀಬಹುದು.’

‘ಬೆಳೀಬಹುದು? ಕುತ್ತಿಗೀನೋ ಕುಂಬಳಕಾಯೋ? ಒಂದು ಅಂಗಿ ಹೊಲದು ನೋಡೂಣ್ರಿ, ಉಳಿದ ಎರಡು ಆಮ್ಯಾಲ...’

‘ಮೂರಕ್ಕೂ ಹದಿನೇಳು.’

ವಿಠೋಬಣ್ಣ ಕತ್ತರಿ ಕೆಳಗಿಟ್ಟದ್ದು ಕೇಳಿಸಿತು. ‘ಪ್ಯಾಂಟಿನ ಸೊಂಟ ಆದ್ರ ಬಿಚ್ಚಿ ಹಿಡೀಬಹುದು ಪಂಪಣ್ಣ. ಕಾಲರಿಗೆ ಎರಡನೇ ಮಾತಿಲ್ಲ. ಒಮ್ಮಿ ಕತ್ತರಿ ಹಾಕಿದ್ರ ಆತು.’

‘ಹಾಕ್ರಿ’ ಅಂದೆ. ಬದುಕಿದರೆ ಬೆಳೆದ ಕುತ್ತಿಗೆಗೂ ಅಂಗಿ ಬೇಕಲ್ಲ. ಜೀವನದಲ್ಲಿ ಮೊದಲ ಸಲ ನಾನು ಮುಂದಾಲೋಚನೆಯಿಂದ ಒಂದು ಕೆಲಸ ಮಾಡಿದೆ ಅನ್ನಿಸಿ ಒಂದು ಗಳಿಗೆ ಸಮಾಧಾನವೂ ಆಯಿತು.

ಮರುದಿನ ಭಾನುವಾರ. ಕಂಪ್ಲಿಯಿಂದ ನಾಗವೇಣಿಯ ಅಕ್ಕ ಬಂದಿದ್ದರು; ಶ್ರಾವಣದಲ್ಲಿ ಒಂದು ಸಲ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬರುವುದು ಅವರಿಬ್ಬರ ರೂಢಿ. ಅಕ್ಕ ಗುಡಿಯೊಳಗೆ ಸಾಲಿನಲ್ಲಿ ನಿಂತರು. ನನಗೆ ನಿಲ್ಲಲು ಕಾಲಲ್ಲಿ ಬಲವಿಲ್ಲದೆ ಹಂಪಿ ಬಜಾರಿನ ಒಂದು ಕಲ್ಲುಮಂಟಪದ ನೆರಳಿಗೆ ಬಂದು ಕೂತೆ. ಮೋಡದ ಬಿಸಿಲು, ಕಲ್ಲು ಬೆಚ್ಚಗಿತ್ತು. ಸುತ್ತಲೂ ಚಡ್ಡಿ ಬನಿಯನ್ನಿನ ಪ್ರವಾಸಿಗಳು ಬೆವರು ಒರೆಸಿಕೊಳ್ಳುತ್ತಿದ್ದರು. ಅವರ ನಡುವೆ ನಾನು ಸ್ವೆಟರ್, ಮಫ್ಲರ್. ಒಬ್ಬಾಕೆ ಕಂಬದ ಕೆತ್ತನೆ ಬಿಟ್ಟು ನನ್ನ ಫೋಟೊ ತೆಗೆದುಕೊಂಡಳು.

ನಾಗವೇಣಿ ಬಂದು ಪಕ್ಕದಲ್ಲಿ ಕೂತಳು. ಬುಟ್ಟಿಯಿಂದ ಬಾಳೆಹಣ್ಣು ತೆಗೆದು ಸುಲಿದು ಕೊಟ್ಟಳು. ನಾನು ತಿನ್ನುವ ತನಕ ಕಾದು ಹೇಳಿದಳು:

‘ಮಫ್ಲರ್ ತಗೀರಿ.’

‘ಚಳಿ...’

‘ತಗೀರಿ ಅಂದೆ. ನಿನ್ನಿ ಮುಂಜಾನಿ ದಿಂಬಿನ ಚೀಲಕ್ಕ ಪ್ಲಾಸ್ಟರ್ ಅಂಟಿತ್ತು. ನಾನ ಕಿತ್ತೀನಿ. ನೀವು ಬಚ್ಚಲದಾಗ ಹೋಗಿ ಹೊಸದು ಹಚ್ಚಿಕೊಂಡು ಬಂದ್ರಿ.’

ಮಫ್ಲರ್ ತೆಗೆದೆ. ಅವಳು ನೋಡಿದಳು, ಮುಟ್ಟಲಿಲ್ಲ. ನಾನು ಸೂಜಿಯ ವಿಷಯ, ಗಂಟಿನ ವಿಷಯ, ಬುಧವಾರದ ವಿಷಯ ಎಲ್ಲ ಹೇಳಿದೆ. ಒಡೆದ ದನಿಯಲ್ಲಿ ಹೇಳಿದ್ದರಿಂದ ಅಳುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿರಬೇಕು. ಅರ್ಧ ನಿಜ.

‘ಎದಿ ನೋವು ಅಂದ್ರ ಓಣಿಗೆಲ್ಲ ಸಾರತಿದ್ರಿ’ ಅಂದಳು. ‘ಕಾಲು ಉಳುಕಿದ್ರ ಕಂಪ್ಲಿಗೆ ಫೋನ್ ಹೋಗ್ತಿತ್ತು. ಅವಾಗ ನಾನು ಒಂದಿನಾನೂ ಅಂಜಿಲ್ಲ. ಈ ಸಲ ಬಾಯಿ ಮುಚ್ಚಿಕೊಂಡು ಕುಂತ್ರಿ ನೋಡ್ರಿ, ನಿನ್ನಿಯಿಂದ ನನ್ನ ಗಂಟಲಾಗ ಅನ್ನ ಇಳಿದಿಲ್ಲ.’

ಇಪ್ಪತ್ತು ವರ್ಷ ನನ್ನ ಗದ್ದಲವೇ ಅವಳಿಗೆ ಕ್ಷೇಮ ಸಮಾಚಾರವಾಗಿತ್ತು ಎಂಬುದು ನನಗೆ ಅವತ್ತು ತಿಳಿಯಿತು. ಜೇಬಿನಿಂದ ಪಟ್ಟಿ ತೆಗೆದು ಕೊಟ್ಟೆ. ಅವಳು ಒಂದೊಂದೇ ಓದುತ್ತ ಹೋದಳು. ಆರನೆಯದಕ್ಕೆ ಮೂಗು ಒರೆಸಿಕೊಂಡಳು. ಹನ್ನೊಂದನೆಯದಕ್ಕೆ ಬಂದು ತಲೆ ಎತ್ತಿದಳು.

‘ಗ್ಯಾಸ್ ಬುಕ್ ಮಾಡೋದು ನನಗ ಗೊತ್ತಿಲ್ಲಾ?’

‘ಗೊತ್ತೈತಾ?’

‘ಏಳು ವರ್ಷದಿಂದ ನಾನ ಮಾಡಾಕತ್ತೀನಿ. ನಿಮ್ಮ ಜೇಬಿನ ಪೆನ್ನು ಕೊಡ್ರಿ ಇಲ್ಲಿ.’

ಮಂಟಪದ ಕಲ್ಲಿನ ಮೇಲೆ ಚೀಟಿ ಇಟ್ಟುಕೊಂಡು ಹೊಡೆಯತೊಡಗಿದಳು. ಗ್ಯಾಸ್ ಹೋಯಿತು. ಹೆಲ್ಮೆಟ್ಟಿನ ಫೋಟೊ ಹೋಯಿತು. ‘ನಗೋರು ನಗ್ಲಿ’ ಅಂದಳು. ಕರೆಂಟು ಹೋಗುವುದು, ಹೋಯಿತು; ‘ದವಾಖಾನಿಗೆ ಜನರೇಟರ್ ಇರಂಗಿಲ್ಲೇನು?’ ಅಕ್ಕ ಪ್ರಸಾದ ಹಿಡಿದುಕೊಂಡು ಬರುವಷ್ಟರಲ್ಲಿ ಹತ್ತೊಂಬತ್ತರಲ್ಲಿ ಹದಿನೈದಕ್ಕೆ ಗೀಟು ಬಿದ್ದಿತ್ತು. ಉಳಿದ ನಾಲ್ಕನ್ನು ಮಡಿಸಿ ನನ್ನ ಜೇಬಿಗಿಟ್ಟು, ‘ಇಷ್ಟು ಡಾಕ್ಟರಮ್ಮಗ ಬಿಡ್ರಿ’ ಅಂದಳು. ಅವತ್ತು ಹೊಸಪೇಟೆಗೆ ಬರುವ ಆಟೋದಲ್ಲಿ ನಾನು ಮಫ್ಲರ್ ಸುತ್ತಿಕೊಳ್ಳಲಿಲ್ಲ. ಚಳಿಯಾಯಿತು. ತಡೆದುಕೊಂಡೆ.

ಬುಧವಾರ ಇಬ್ಬರೂ ಹೋದೆವು. ಡಾಕ್ಟರಮ್ಮ ಕಾಗದ ಓದುವಾಗ ಅವರ ಹುಬ್ಬನ್ನೇ ನೋಡುತ್ತಿದ್ದೆ. ಹುಬ್ಬು ಅಲುಗಲಿಲ್ಲ.

‘ಕೆಟ್ಟದ್ದು ಏನಿಲ್ಲ’ ಅಂದರು. ನಾಗವೇಣಿಯ ಕೈ ನನ್ನ ಮೊಣಕೈಯನ್ನು ಹಿಡಿದಿತ್ತು ಎಂಬುದು ಅವಳು ಅದನ್ನು ಬಿಟ್ಟ ಮೇಲೆ ಗೊತ್ತಾಯಿತು.

ಹೆಸರು ಹಾಶಿಮೊಟೊ ಥೈರಾಯ್ಡೈಟಿಸ್. ಜಪಾನಿನ ಹೆಸರು. ಗಂಡಸರಿಗೆ ಕಡಿಮೆ, ಆದರೆ ಬರುವುದುಂಟು. ಹೊರಗಿನಿಂದ ಬಂದ ರೋಗಾಣುಗಳನ್ನು ಹಿಡಿಯಬೇಕಾದ ದೇಹದ ಕಾವಲು ಪಡೆ, ಯಾಕೋ ಏನೋ, ತನ್ನದೇ ಗ್ರಂಥಿಯನ್ನು ಪರಕೀಯ ಎಂದು ತಿಳಿದು ಅದರ ಮೇಲೆ ಬೀಳುತ್ತದೆ. ಪೆಟ್ಟು ತಿಂದ ಗ್ರಂಥಿ ಊದುತ್ತದೆ, ತನ್ನ ಕೆಲಸ ನಿಧಾನ ಮಾಡುತ್ತದೆ. ಅದರ ಜೊತೆ ಮನುಷ್ಯನೂ ನಿಧಾನವಾಗುತ್ತಾನೆ. ನನಗೆ ಕೂಡಲೇ ಅರ್ಥವಾಯಿತು. ನಮ್ಮ ಗಣಿಯ ಚೆಕ್‌ಪೋಸ್ಟಿನಲ್ಲಿ ಅಂಥ ಒಬ್ಬ ಕಾವಲುಗಾರನಿದ್ದ. ಇಪ್ಪತ್ತು ವರ್ಷದಿಂದ ಅದೇ ಬಸ್ಸಿನಲ್ಲಿ ಬರುವ ನನ್ನನ್ನು ದಿನಾ ಇಳಿಸಿ ಪಾಸು ಕೇಳುತ್ತಿದ್ದ. ಹೊರಗಿನವರು ಅವನ ಬೆನ್ನ ಹಿಂದೆ ಹಾಯಾಗಿ ನಡೆದು ಹೋಗುತ್ತಿದ್ದರು. ಇನ್ನೂ ಒಂದು ಅರ್ಥವಾಯಿತು, ಅದನ್ನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಬುದ್ಧಿ ಬಂದಾಗಿನಿಂದ ನಾನು ನನ್ನ ಮೇಲೆಯೇ ಅನುಮಾನ ಪಟ್ಟವನು. ಒಡೆಯನ ಗುಣ ಆಳಿಗೆ ಬರದೆ ಇರುತ್ತದೆಯೇ?

‘ಗುಣ ಆಗ್ತದೇನ್ರಿ?’ ಎಂದು ನಾಗವೇಣಿ ಕೇಳಿದಳು.

‘ಹೋಗೋದಿಲ್ಲ. ಜೊತೆಗೇ ಇರ್ತದೆ. ದಿನಾ ಬೆಳಿಗ್ಗೆ ಬರೀ ಹೊಟ್ಟೆಗೆ ಒಂದು ಮಾತ್ರೆ, ನೀರಲ್ಲಿ. ಒಂದು ತಾಸು ಚಹಾ ಇಲ್ಲ, ತಿಂಡಿ ಇಲ್ಲ. ಆಗಾಗ ರಕ್ತ ಪರೀಕ್ಷೆ. ಅಷ್ಟು ಮಾಡಿದ್ರೆ ಎಲ್ಲರ ಹಾಗೆ ಇರಬಹುದು.’

‘ತೂಕ?’ ಎಂದು ನಾನು ಕೇಳಿದೆ.

‘ಅದ್ರಲ್ಲಿ ಬಹಳಷ್ಟು ನೀರಿನ ತೂಕ. ಇಳೀತದೆ.’

ಹೊನ್ನೂರಸ್ವಾಮಿಗೆ ಈ ಮಾತನ್ನು ನಾನು ಇವತ್ತಿನ ತನಕ ಹೇಳಿಲ್ಲ. ತೊಯ್ದ ಅದಿರಿನ ವಿಷಯದಲ್ಲಿ ಅವನು ಹೇಳಿದ್ದೇ ಸರಿ ಎಂದು ಗೊತ್ತಾದರೆ ಅವನ ಜೊತೆ ಪಾಳಿ ಮಾಡುವುದು ಕಷ್ಟ.

ಆ ಒಂದು ತಾಸು ನಮ್ಮ ಮನೆಯ ದಿನಚರಿಯನ್ನೇ ಬದಲಿಸಿತು. ಬಸ್ಸು ಆರೂವರೆಗೆ. ಮೊದಲು ಐದೂಮುಕ್ಕಾಲಿಗೆ ಎದ್ದು, ಚಹಾ ಸುರಿದುಕೊಂಡು, ಮಾತಿಲ್ಲದೆ ಓಡುತ್ತಿದ್ದೆ. ಈಗ ಐದಕ್ಕೇ ಎದ್ದು ಮಾತ್ರೆ ನುಂಗಿ, ಚಹಾಕ್ಕಾಗಿ ಆರರ ತನಕ ಕಾಯಬೇಕು. ಕೈಯಲ್ಲಿ ಲೋಟವಿಲ್ಲದೆ ಬೆಳಗಿನ ಹೊತ್ತು ಏನು ಮಾಡುವುದೆಂದು ಮೊದಲು ತೋಚಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತೆ. ಎರಡು ದಿನ ಬಿಟ್ಟು ನಾಗವೇಣಿಯೂ ಬಂದು ಕೂತಳು. ‘ನೀವು ಕುಡೀಲಾರದ ನಾನೊಬ್ಬಾಕೀನ ಹೆಂಗ ಕುಡೀಲಿ’ ಅಂದಳು. ಮಳೆ ಬಂದು ಹೋದ ಓಣಿ, ಹಾಲಿನವನ ಸೈಕಲ್ಲು, ಎದುರುಮನೆಯವರು ಅಂಗಳಕ್ಕೆ ನೀರು ಹಾಕುವ ಸದ್ದು. ಇಪ್ಪತ್ತು ವರ್ಷದಲ್ಲಿ ಆಡದ ಎಷ್ಟೋ ಮಾತು ಆ ಕಟ್ಟೆಯ ಮೇಲೆ ಆಡಿದೆವು. ಅವಳಿಗೆ ಕತ್ತಲೆಂದರೆ ಭಯ ಎಂಬುದೂ, ನನ್ನ ಗೊರಕೆ ಕೇಳಿದರೆ ಆ ಭಯ ಹೋಗುತ್ತದೆ ಎಂಬುದೂ ನನಗೆ ಗೊತ್ತಾದದ್ದು ಅಲ್ಲೇ.

ನಾಲ್ಕನೆಯ ವಾರಕ್ಕೆ ಬಸ್ಸಿನ ಕಿಟಕಿ ತೆರೆದೆ. ಗುಡ್ಡ ಕಂಡಿತು. ಆ ಮಳೆಗಾಲದ ಹಸಿರು ಇನ್ನೇನು ಮುಗಿಯುತ್ತ ಬಂದಿತ್ತು, ಆದರೂ ನನ್ನ ಪಾಲಿಗೆ ಸ್ವಲ್ಪ ಉಳಿಸಿಕೊಂಡಿತ್ತು. ದನಿ ಮರಳಿತು; ‘ಇಳಿದು ನಿಲ್ಲು’ ಅಂದರೆ ಡ್ರೈವರುಗಳು ಮತ್ತೆ ಗೊಣಗತೊಡಗಿದರು. ವೈದ್ಯಕೀಯ ತಪಾಸಣೆಗೆ ಹೋದಾಗ ಗಣಿಯ ಡಾಕ್ಟರು ನನ್ನ ಕಾಗದಗಳನ್ನು ನೋಡಿ, ‘ಥೈರಾಯ್ಡಾ? ನನಗೂ ಐತಿ’ ಎಂದು ‘ಫಿಟ್’ ಬರೆದು ಮುಂದಿನವರನ್ನು ಕರೆದರು. ಅದಕ್ಕಾಗಿ ನಾನು ಮೂರು ದಿನ ಅಭ್ಯಾಸ ಮಾಡಿಟ್ಟುಕೊಂಡಿದ್ದ ಉತ್ತರಗಳೆಲ್ಲ ಹಾಗೇ ಉಳಿದವು. ದಸರೆಗೆ ಎರಡು ದಿನವಿರುವಾಗ ಕಾಟಾದ ಮೇಲೆ ನಿಂತೆ. ಎಪ್ಪತ್ತು. ಇಳಿದು ಹತ್ತಿದೆ. ಎಪ್ಪತ್ತು. ಕಾಟಾ ಸರಿಯಿತ್ತು.

ಪಟ್ಟಿಯಲ್ಲಿ ಉಳಿದಿದ್ದ ನಾಲ್ಕಕ್ಕೂ ಅವತ್ತು ನಾನೇ ಗೀಟು ಹೊಡೆದೆ. ಹತ್ತೊಂಬತ್ತರಲ್ಲಿ ಒಂದೂ ಆಗಲಿಲ್ಲ. ಇಷ್ಟು ಚಿಂತೆ ಇಷ್ಟು ಪೂರ್ತಿಯಾಗಿ ವ್ಯರ್ಥವಾದದ್ದು ನೋಡಿ, ನಿಜ ಹೇಳಬೇಕೆಂದರೆ, ತುಸು ಬೇಸರವೂ ಆಯಿತು.

ನಿಜವಾಗಿ ಕೆಟ್ಟದ್ದು ಮರುದಿನ, ಆಯುಧಪೂಜೆಗೆ. ಅವತ್ತು ಎಲ್ಲರೂ ಹೊಸ ಯೂನಿಫಾರ್ಮ್ ತೊಟ್ಟು ಬರಬೇಕು, ಲಾರಿಗಳಿಗೂ ಕಾಟಾಕ್ಕೂ ಪೂಜೆಯಾದ ಮೇಲೆ ಫೋಟೊಗ್ರಾಫರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಂದು ಚಿತ್ರ ತೆಗೆಯುತ್ತಾನೆ. ಬೆಳಿಗ್ಗೆ ಅಂಗಿ ತೊಟ್ಟು ಕಾಲರಿನ ಗುಂಡಿ ಹಾಕಿದೆ. ಒಳಗೆ ನನ್ನ ಮುಷ್ಟಿ ಹಿಡಿಸುತ್ತಿತ್ತು. ನಾಗವೇಣಿ ಒಂದು ಸಲ ನೋಡಿ ಅಡುಗೆಮನೆಗೆ ಹೋದಳು. ನಕ್ಕದ್ದು ಅಲ್ಲಿಂದ ಕೇಳಿಸಿತು. ದಾರಿಯಲ್ಲಿ ವಿಠೋಬಣ್ಣನ ಅಂಗಡಿಯ ಮುಂದೆ ಇಳಿದು ಏನಾದರೂ ಮಾಡಿ ಎಂದು ಬೇಡಿಕೊಂಡೆ. ಅವರು ಎರಡು ಬೆರಳಲ್ಲಿ ಕಾಲರನ್ನು ಹಿಡಿದು ನೋಡಿ, ‘ಗುಂಡಿ ಸರಿಸಿದ್ರ ಒಂದರ ಮ್ಯಾಲೊಂದು ಏರ್ತೈತಿ. ನಾ ಬ್ಯಾಡ ಅಂದಿದ್ನಲ್ರಿ’ ಎಂದರು. ಸಾವಿತ್ರಕ್ಕ ಸೂಜಿಯಿಂದ ತಲೆ ಎತ್ತದೆ, ‘ಇರ್ಲಿ ಬಿಡ್ರಿ ಅಣ್ಣಾರ, ಗಾಳಿ ಆಡ್ತೈತಿ’ ಅಂದರು.

ಕಂಪನಿ ಬಟ್ಟೆ ಹರಿಯುವ ಜಾತಿಯದ್ದಲ್ಲ. ಆ ಮೂರೂ ಅಂಗಿ ಇನ್ನೂ ಗಟ್ಟಿಮುಟ್ಟಾಗಿವೆ. ವಾರಕ್ಕೆರಡು ಸಲ ಹಾಕಿಕೊಳ್ಳುತ್ತೇನೆ. ಮೊನ್ನೆ ಹೊಸ ಬಟ್ಟೆ ಕಂಕುಳಲ್ಲಿ ಹಿಡಿದು ಅಳತೆಗೆ ಹೋದಾಗ ವಿಠೋಬಣ್ಣ ಟೇಪು ಹಾಕಿ, ‘ಹದಿನೈದು’ ಎಂದು ಕೂಗಿದರು. ಒಂದು ಅರ್ಧ ಇಂಚು ಹೆಚ್ಚಿಗೆ ಇರಲಿ ಅನ್ನಲು ನಾನು ಬಾಯಿ ತೆರೆದೆ. ‘ಹದಿನೈದ ಬರ್ಕೊಂಡೀನಿ’ ಎಂದು ಸಾವಿತ್ರಕ್ಕ ಪುಸ್ತಕ ಮುಚ್ಚಿಬಿಟ್ಟರು.

ಆ ವರ್ಷದ ಆಯುಧಪೂಜೆಯ ಫೋಟೊ ನಾವು ಹಾಜರಿ ಹಾಕುವ ಟೈಮ್ ಆಫೀಸಿನ ಗೋಡೆಯ ಮೇಲಿದೆ. ಎಲ್ಲರೂ ನೆಟ್ಟಗೆ ನಿಂತಿದ್ದಾರೆ. ಎರಡನೆಯ ಸಾಲಿನಲ್ಲಿ, ಎಡಗಡೆಯಿಂದ ಐದನೆಯವನು, ಚಿಪ್ಪಿನಿಂದ ಆಗಷ್ಟೇ ತಲೆ ಹೊರಗೆ ಹಾಕಿದ ಆಮೆಯಂತೆ, ಹದಿನೇಳು ಇಂಚಿನ ಕಾಲರಿನಲ್ಲಿ ಹದಿನೈದು ಇಂಚಿನ ಕುತ್ತಿಗೆ ಇಟ್ಟುಕೊಂಡು ನಗುತ್ತಿರುವವನು ನಾನು.